ಎಡಕ್ಕೆ ತಿರುಗಿದರೆ ಕಟಕಟ

ನನಗೆ ಅನುಮಾನ ಜಾಸ್ತಿ ಅಂತ ನಮ್ಮೂರಲ್ಲಿ ಎಲ್ರೂ ಹೇಳ್ತಾರೆ. ಹೇಳ್ಕಳ್ಳಿ, ಯಾರು ಬೇಡ ಅಂದ್ರು. ಕಾಯಿ ಕೀಳೋನು ಒಂದು ಮರ ಬಿಟ್ಟು ಒಂದು ಮರ ಹತ್ತುತಾನೆ ಅಂತ ಅನುಮಾನ ಬಂತು, ತೋಟದಾಗೆ ನಿಂತ್ಕಂಡು ನೋಡಿದೆ, ಹಂಗೇ ಮಾಡ್ತಿದ್ದ. ಪಕ್ಕದ ಮನೆ ಕಾಂತಮ್ಮ ನಮ್ಮ ಬೆರಣಿ ಎತ್ಕಂಡು ಹೋಗ್ತಾಳೆ ಅಂತ ಅನುಮಾನ ಬಂತು, ಅದೂ ಸುಳ್ಳಾಗ್ಲಿಲ್ಲ. ಅರವತ್ತೆರಡು ವರ್ಷ ಆಯ್ತು ನನಗೆ, ಅನುಸೂಯಮ್ಮನ ಕಣ್ಣು ತಪ್ಸಿ ಈ ಮನೇಲಿ ಒಂದು ಕಡ್ಡೀನೂ ಆಚೀಚೆ ಆಗಾಕಿಲ್ಲ. ಅದಕ್ಕೇ ಕಾರಿನ ಸದ್ದು ಕೇಳಿದ ದಿವಸ ನನ್ನ ಕಿವಿ ನೆಟ್ಟಗಾಯ್ತು.

ಫೆಬ್ರವರಿ ಮೊದಲನೇ ಭಾನುವಾರ ಮಾಲೇಕಲ್ಲಿಗೆ ಹೋಗಿದ್ವಿ, ವೆಂಕಟರಮಣನ ದರ್ಶನಕ್ಕೆ. ಕಾರು ಓಡಿಸ್ತಿದ್ದೋಳು ನನ್ನ ಸೊಸೆ ಹೇಮಾಶ್ರೀ. ಪಕ್ಕದಲ್ಲಿ ನಾನು. ಹಿಂದುಗಡೆ ನಮ್ಮ ಯಜಮಾನ್ರು ನಂಜುಂಡಯ್ಯ, ಅವರು ಕಾರಿನ ಬಾಗಿಲು ಹಾಕ್ಕಳ್ಳೋದ್ರೊಳಗೆ ನಿದ್ದೆ ಹೋಗೋರು. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಾಕೆ ಅಂತ ಅವಳು ಸ್ಟೇರಿಂಗು ಪೂರ್ತಿ ಎಡಕ್ಕೆ ತಿರುಗಿಸಿದ್ಲು. ಆಗ ಬಂತು ಸದ್ದು. ಮುಂದಿನ ಚಕ್ರದ ಕಡೆಯಿಂದ ಕಟಕ್, ಕಟಕ್, ಕಟಕ್ ಅಂತ. ಒಳಗೆ ಯಾರೋ ಅಡಿಕೆ ಕತ್ತರಿಸ್ತಾ ಕುಂತಂಗೆ.

ಏನದು ಅಂತ ಕೇಳಿದೆ. ಒಂದು ವಾರದಿಂದ ಬರ್ತಿದೆ ಅತ್ತೆ, ತೋರಿಸ್ಬೇಕು ಅಂದ್ಲು. ಒಂದು ವಾರದಿಂದ. ನೋಡಿ ಈಗ. ಒಲೆ ಮೇಲೆ ಹಾಲು ಉಕ್ಕಿದ್ರೆ ಬಂದು ಹೇಳೋಳು, ಒಂದು ವಾರದಿಂದ ಕಾರು ಹಿಂಗೆ ಕಟಗುಟ್ತಾ ಐತೆ ಅಂತ ಯಾಕೆ ಹೇಳ್ಲಿಲ್ಲ? ಕೇಳಿದ್ದಕ್ಕೆ ಅವಳು ನನ್ನ ಮುಖ ಒಂದ್ಸಲ ನೋಡಿದ್ಲು, ಏನೋ ಹೇಳಾಕೆ ಬಾಯಿ ತೆಗೆದ್ಲು, ಹಿಂದೆ ಆಗ್ಲೇ ಎಚ್ಚರಾಗಿದ್ದ ಮಾವನ್ನ ನೋಡಿ ಬಾಯಿ ಮುಚ್ಕಂಡ್ಲು. ಅಲ್ಲಿಂದ ಶುರುವಾಯ್ತು ನನಗೆ. ದೇವರ ಮುಂದೆ ಕೈ ಮುಗ್ದು ನಿಂತಿದ್ರೂ ನನ್ನ ಕಿವೀಲಿ ಅದೇ ಕಟಕ್ ಕಟಕ್.

ಕಾರಿನ ವಿಷ್ಯ ಹೇಳ್ಬಿಡ್ತೀನಿ. ಅದು ನನ್ನ ಮಗ ಅರುಣ್‌ಕುಮಾರನ ಹೆಸರಲ್ಲಿ ಐತೆ. ನಮ್ಮ ತೆಂಗಿನ ತೋಟದ ದುಡ್ಡಲ್ಲಿ ಸೆಕೆಂಡ್‌ ಹ್ಯಾಂಡು ತಗಂಡಿದ್ದು. ಓಡ್ಸೋದು ಮಾತ್ರ ಹೇಮಾಶ್ರೀ. ಅವಳು ಹಳೇಬೀಡಿನ ಒಂದು ಖಾಸಗಿ ಹೈಸ್ಕೂಲಲ್ಲಿ ವಿಜ್ಞಾನದ ಮೇಡಂ. ಹತ್ತನೇ ಕ್ಲಾಸಿನೋರಿಗೆ ಬೆಳಗ್ಗೆ ಎಂಟೂವರೆಗೆ ಸ್ಪೆಷಲ್ ಕ್ಲಾಸು ತಗಳ್ಳಬೇಕು. ಕಾರಾದ್ರೆ ಸರಿಯಾಗಿ ಹೋಗ್ತಾಳೆ. ಬಸ್ಸಾದ್ರೆ ನಮ್ಮೂರಿಂದ ಕಣಕಟ್ಟೆ, ಕಣಕಟ್ಟೆಯಿಂದ ಅರಸೀಕೆರೆ, ಅರಸೀಕೆರೆಯಿಂದ ಹಳೇಬೀಡು. ಮೂರು ಬಸ್ಸು ಹತ್ತಿ ಇಳಿಯೋ ಅಷ್ಟೊತ್ತಿಗೆ ಆ ಕ್ಲಾಸು ಮುಗಿದು ಪ್ರಾರ್ಥನೆನೂ ಮುಗಿದಿರ್ತದೆ.

ನಿಜ ಹೇಳ್ತೀನಿ, ಅವಳು ಬೆಳಗ್ಗೆ ಸೆರಗಿಗೆ ಪಿನ್ನು ಹಾಕ್ಕಂಡು, ಕನ್ನಡಿ ಸರಿ ಮಾಡ್ಕಂಡು, ಜುಮ್ ಅಂತ ಕಾರು ಓಡಿಸ್ಕಂಡು ಹೋಗೋದನ್ನ ತಿರುವು ದಾಟೋ ತನಕ ನಿಂತು ನೋಡ್ತಿದ್ದೆ. ಎತ್ತಿನ ಗಾಡೀಲಿ ಹಿಂದುಗಡೆ ಕುಂತು ಕಾಲು ಇಳಿಬಿಟ್ಟಿದ್ದಕ್ಕೆ ನಮ್ಮತ್ತೆ ನನಗೆ ಮೂರು ದಿವಸ ಬೈದಿದ್ರು. ಅದು ಹೊಟ್ಟೆಕಿಚ್ಚೋ ಏನೋ, ಇದ್ರೆ ಇರ್ಲಿ.

ಮಾಲೇಕಲ್ಲಿಂದ ಬಂದ ಸಾಯಂಕಾಲ ಕಾರಿನ ಸುತ್ತ ಮೂರು ಸುತ್ತು ಬಂದೆ. ಎಲ್ಲೂ ತಗ್ಗಿರ್ಲಿಲ್ಲ. ಮುಂದಿನ ಒಂದು ಚಕ್ರದ ಒಳಗೆ ಬಗ್ಗಿ ನೋಡಿದ್ರೆ ಕರ್ರಗೆ ಏನೋ ಸಿಡಿದಿತ್ತು. ಬೆರಳು ಹಾಕಿದೆ, ಗ್ರೀಸು. ಎಲ್ಲೋ ಗುದ್ದವಳೆ, ಒಳಗೆ ಏನೋ ಮುರ್ಕಂಡವಳೆ, ಮೇಲೆ ಕಾಣದಂಗೆ ಸರಿ ಮಾಡ್ಸವಳೆ ಅಂತ ನನ್ನ ಮನಸ್ಸು ಹೇಳ್ತು. ಅಷ್ಟೊತ್ತಿಗೆ ಕಾಂತಮ್ಮ ಗೋಡೆ ಪಕ್ಕದಿಂದ ಇಣುಕಿ ಇನ್ನೊಂದು ಹಾಕಿದ್ಲು. ಗುರುವಾರ ನಿಮ್ಮ ಕಾರು ಬೇಲೂರಲ್ಲಿ ನಿಂತಿತ್ತಂತೆ, ನಮ್ಮಕ್ಕನ ಮಗ ನೋಡಿದ್ನಂತೆ ಅಂತ. ಹಳೇಬೀಡಿಗೆ ಪಾಠ ಮಾಡಾಕೆ ಹೋಗೋಳಿಗೆ ಗುರುವಾರ ಬೇಲೂರಲ್ಲಿ ಏನು ಕೆಲ್ಸ?

ಕೇಳಿದೆ. ಶಿಕ್ಷಣಾಧಿಕಾರಿ ಆಫೀಸು ಬೇಲೂರಲ್ಲೇ ಅತ್ತೆ ಇರೋದು, ಪರೀಕ್ಷೆ ಪಟ್ಟಿ ಕೊಟ್ಟು ಬರೋದಿತ್ತು, ಬುಧವಾರ ನಿಮಗೆ ಹೇಳಿದ್ನಲ್ಲ ಅಂದ್ಲು. ಹೇಳಿದ್ಲಾ? ನನಗೆ ನೆನಪಿಲ್ಲ. ನೆನಪಿಲ್ಲ ಅಂದ ಮೇಲೆ ಹೇಳಿಲ್ಲ ಅಂತಲೇ ಲೆಕ್ಕ.

ಅರುಣನಿಗೆ ಎಲ್ಲಾ ಹೇಳಿದೆ. ನನ್ನ ಮಗ ನಮ್ಮೂರ ಹಾಲಿನ ಡೇರಿ ಸೆಕ್ರೆಟರಿ. ಬೆಳಗ್ಗೆ ಐದೂವರೆಗೆ ಬೈಕು ಹತ್ತಿದ್ರೆ ಮನೆಗೆ ಬರೋದು ಒಂಬತ್ತಕ್ಕೆ, ಮತ್ತೆ ಸಾಯಂಕಾಲ ಹಂಗೇ. ಅವನ ಕೋಪ ನನ್ನಂಗೇ, ಮೂಗಿನ ತುದೀಲಿ. ಏನೋ ಮುಚ್ಚಿಡ್ತಾವಳೆ ಕಣೋ, ಕೇಳಿದ್ರೆ ಬಾಯಿ ಬಿಡಲ್ಲ, ಬಾಯಿ ಬಿಡಲ್ಲ ಅಂದ್ರೆ ಏನೋ ಐತೆ ಅಂತ ಹೇಳಿದೆ. ಅವನು ಅವಳನ್ನ ಪಡಸಾಲೆಗೆ ಕರೆದು ಕೇಳಿದ. ಕಾರು ಎಲ್ಲೆಲ್ಲಿಗೆ ತಗಂಡು ಹೋಗಿದ್ದೆ, ಎಲ್ಲಾದ್ರೂ ಗುಂಡಿಗೆ ಇಳಿಸಿದ್ಯಾ, ಯಾವುದಾದ್ರೂ ಕಲ್ಲಿಗೆ ಹೊಡ್ದ್ಯಾ ಅಂತ.

"ಸ್ಕೂಲಿಗೆ. ಒಂದಿನ ಬೇಲೂರಿಗೆ. ಎಲ್ಲೂ ಹೊಡೆದಿಲ್ಲ" ಅಂದ್ಲು.

"ಮತ್ತೆ ಸದ್ದು ತಾನಾಗೇ ಬಂತಾ?"

ಅವಳು ನನ್ನ ಕಡೆ ತಿರುಗಿ ನೋಡಿದ್ಲು. ತುಂಬ ಹೊತ್ತು ನೋಡಿದ್ಲು. ನಾನು ಕಣ್ಣು ತೆಗೀಲಿಲ್ಲ, ನಾನ್ಯಾಕೆ ತೆಗೀಲಿ. ತಪ್ಪು ಮಾಡಿರೋರು ಹಿಂಗೇ ನೋಡೋದು ಅಂದ್ಕಂಡೆ. ನೋಡ್ದ್ಯೇನೋ ಅಂತ ಅರುಣನಿಗೆ ಕಣ್ಸನ್ನೆ ಮಾಡಿದೆ. ಅವನು ಕಾರಿನ ಕೀ ತಗಂಡು ತನ್ನ ಜೇಬಿಗೆ ಹಾಕ್ಕಂಡ.

ಆ ಸೋಮವಾರದಿಂದ ಹೇಮಾಶ್ರೀ ಬಸ್ಸಿಗೆ ಹೋದ್ಲು. ಬೆಳಗ್ಗೆ ಆರು ಗಂಟೆಗೆ ಹೊರಟ್ರೆ ಮನೆಗೆ ಬರೋದು ಸಾಯಂಕಾಲ ಏಳೂವರೆ. ಸೋಮವಾರ ಸ್ಪೆಷಲ್ ಕ್ಲಾಸು ತಪ್ತು, ಮಂಗಳವಾರ ತಪ್ತು. ಬುಧವಾರ ಹೆಡ್‌ ಮೇಡಂ ಕರೆದು, ಪರೀಕ್ಷೆ ಹತ್ರ ಬಂತು, ಸೋಮವಾರದಿಂದ ನಿಮ್ಮ ಕೈಲಿ ಆಗದಿದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದ್ರಂತೆ. ಅದನ್ನ ಅವಳು ಅರುಣನ ಹತ್ರ ಹೇಳಿದಾಗ ಇವನು, ಹಂಗಾದ್ರೆ ಬಿಟ್ಬಿಡು ಅಂದ. ಕಾರು ಮಾರ್ತೀನಿ, ಅರಸೀಕೆರೆಯೋರೊಬ್ರು ಭಾನುವಾರ ನೋಡಾಕೆ ಬತ್ತಾರೆ, ಅಷ್ಟ್ರೊಳಗೆ ಸದ್ದು ಸರಿ ಮಾಡಿಸ್ಬೇಕು ಅಂದ. ಹೇಮಾಶ್ರೀ ಅಡುಗೆಮನೆಗೆ ಹೋಗಿ ರಾಗಿ ಹಿಟ್ಟು ಕಲಸ್ತಾ ನಿಂತ್ಲು. ಕೆಲ್ಸ ಬಿಡೋ ಮಾತಿಗೆ ಅಳ್ತಾಳೆ ಅಂದ್ಕಂಡಿದ್ದೆ, ಅಳ್ಲಿಲ್ಲ. ಅದೂ ನನಗೆ ಅನುಮಾನವೇ ಆಯ್ತು. ಇಷ್ಟಾದ್ರೂ ಒಂದು ಮಾತು ಎದುರಾಡಲ್ಲ ಅಂದ್ರೆ ಒಳಗೆ ಎಷ್ಟು ದೊಡ್ಡದು ಇಟ್ಕಂಡಿರಬೇಕು.

ಗುರುವಾರ ಅರುಣ ಕಾರು ತಗಂಡು ಅರಸೀಕೆರೆಗೆ ಹೊರಟಾಗ ನಾನೂ ಹತ್ತಿದೆ. ನೀನ್ಯಾಕಮ್ಮ ಅಂದ. ಗ್ಯಾರೇಜಿನೋರು ಚೆನ್ನಾಗಿರೋದನ್ನ ಬಿಚ್ಚಿ ಕೆಟ್ಟದ್ದು ಹಾಕ್ತಾರೆ, ನಿನಗೆ ತಿಳಿಯಲ್ಲ ಅಂದೆ. ಅದು ಅರ್ಧ ನಿಜ. ಇನ್ನರ್ಧ, ಅವಳು ಏನು ಮಾಡವಳೆ ಅನ್ನೋದನ್ನ ಆ ಮೆಕ್ಯಾನಿಕ್ ಬಾಯಿಂದ ನನ್ನ ಕಿವಿಯಾರೆ ಕೇಳ್ಬೇಕಿತ್ತು.

ಗ್ಯಾರೇಜು ಊರಾಚೆ, ಖಾಲಿ ಜಾಗದ ಪಕ್ಕ. ಮೆಕ್ಯಾನಿಕ್ ಹೆಸರು ಸಮ್ಯಕ್, ಮೂವತ್ತೈದು ವರ್ಷ ಇರಬೌದು, ಕನ್ನಡಕ ಹಾಕಿದ್ದ. ಒಬ್ನೇ ಕೆಲ್ಸ ಮಾಡ್ತಿದ್ದ. ಯಾರ ಮಗನಪ್ಪ ನೀನು ಅಂತ ಕೇಳಿದೆ, ನಾನು ಯಾರನ್ನಾದ್ರೂ ಮೊದ್ಲು ಕೇಳೋದು ಅದೇ. ಗಂಗಯ್ಯ ಮೇಷ್ಟ್ರ ಮಗ ಅಂದ. ಗಂಗಯ್ಯ ಮೇಷ್ಟ್ರು ಅರುಣನಿಗೆ ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಟ್ಟೋರು, ಒಳ್ಳೇ ಮನುಷ್ಯರು. ಆದ್ರೆ ಮೇಷ್ಟ್ರ ಮಗ ಅಂದ ತಕ್ಷಣ ನಂಬಾಕಾಗ್ತದಾ? ನಾನು ಸ್ಟೂಲು ಎಳ್ಕಂಡು ಅವನ ಕೈಗೇ ಕಣ್ಣಿಟ್ಟು ಕುಂತೆ.

ಅವನು ಏನನ್ನೂ ಬಿಚ್ಚಲಿಲ್ಲ ಮೊದ್ಲು. ನಾಲ್ಕು ಟೈರಿಗೂ ಬೆರಳಾಡಿಸಿ, ಕಲ್ಲು ಸಿಕ್ಕಾಕ್ಕಂಡೈತಾ ಅಂತ ನೋಡಿದ. ಆಮೇಲೆ ಅರುಣನ್ನ ಒಳಗೆ ಕೂರ್ಸಿ, ಕಾರು ನಿಂತಲ್ಲೇ ನಿಂತಿರ್ಲಿ, ಸ್ಟೇರಿಂಗು ಮಾತ್ರ ಈ ಕಡೆಯಿಂದ ಆ ಕಡೆಗೆ ಪೂರ್ತಿ ತಿರುಗಿಸಿ ಅಂದ. ತಿರುಗಿಸಿದ, ಸದ್ದಿಲ್ಲ. ಹಂಗಾದ್ರೆ ಸ್ಟೇರಿಂಗಿನ ಒಳಗಿಂದಲ್ಲ, ಮೇಲಿನ ಬೇರಿಂಗೂ ಅಲ್ಲ ಅಂದ. ಖಾಲಿ ಜಾಗಕ್ಕೆ ತಾನೇ ಕಾರು ತಗಂಡು ಹೋಗಿ ಬಲಕ್ಕೆ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿದ. ಸದ್ದಿಲ್ಲ. ಎಡಕ್ಕೆ ತಿರುಗಿಸಿ ಸುತ್ತು ಹಾಕಿದ. ಕಟಕ್, ಕಟಕ್, ಕಟಕ್. ಸ್ವಲ್ಪ ಜೋರು ಮಾಡಿದ್ರೆ ಸದ್ದೂ ಜೋರಾಗಿ ಓಡ್ತಿತ್ತು, ನಿಧಾನ ಮಾಡಿದ್ರೆ ಅದೂ ನಿಧಾನ. ಚಕ್ರ ಸುತ್ತಿದಂಗೇ ಸದ್ದು ಸುತ್ತುತಾ ಐತೆ ಅನ್ನೋದು ನನಗೂ ಗೊತ್ತಾಯ್ತು.

ಇಳಿದು ಬಂದು, ಎಕ್ಸೆಲ್ ಜಾಯಿಂಟು, ಅಂದ್ರೆ ಚಕ್ರ ತಿರುಗಿಸೋ ಕೀಲು, ಹೋಗಿದೆ, ಬಲಗಡೇದು ಅಂದ.

ಅಲ್ಲೇ ಹಿಡ್ಕಂಡೆ. ಎಡಕ್ಕೆ ತಿರುಗಿಸಿದ್ರೆ ಸದ್ದು ಬತ್ತದೆ, ಬಲಗಡೆ ಬಿಚ್ಚುತೀನಿ ಅಂತೀಯಲ್ಲಪ್ಪ, ನಾನು ಕಣ್ಣು ಬಿಟ್ಕಂಡೇ ಕುಂತಿದೀನಿ ಅಂದೆ. ಅರುಣ ನಾಚ್ಕಂಡ. ಸಮ್ಯಕ್ ಬೇಜಾರು ಮಾಡ್ಕಳ್ಳಲಿಲ್ಲ. ಎಡಕ್ಕೆ ತಿರುಗುವಾಗ ಭಾರ ಬೀಳೋದು ಬಲಗಡೆ ಚಕ್ರದ ಮೇಲೆ ಅಮ್ಮ, ಬಸ್ಸು ಎಡಕ್ಕೆ ತಿರುಗಿದ್ರೆ ನೀವು ಬಲಕ್ಕೆ ವಾಲಲ್ವಾ, ಹಾಗೇ ಅಂದ. ವಾಲ್ತೀನಿ, ನಿಜ. ಆದ್ರೂ ಎರಡೂ ಕಡೆ ಬಿಚ್ಚಿ ತೋರ್ಸು ಅಂದೆ. ಆಗಲಿ ಅಂತ ಜಾಕಿ ಕೊಟ್ಟು ಎಡಗಡೆ ಚಕ್ರಾನೇ ಮೊದ್ಲು ಬಿಚ್ಚಿದ. ಒಳಗೆ ಒಂದು ರಬ್ಬರ್ ಟೋಪಿ, ಮಡಿಕೆ ಮಡಿಕೆಯಾಗಿ ಇತ್ತು. ಅದನ್ನ ಬೂಟು ಅಂತಾರಂತೆ. ಜಾಯಿಂಟಿನೊಳಗಿನ ಗ್ರೀಸು ಆಚೆ ಬರದಂಗೆ, ಮಣ್ಣು ಒಳಗೆ ಹೋಗದಂಗೆ ಕಾಯೋದು ಅದೇ. ಎಡಗಡೇದು ಚೆನ್ನಾಗಿತ್ತು.

ಬಲಗಡೆ ಬಿಚ್ಚಿದ. ಚಕ್ರದ ಒಳಮೈಯೆಲ್ಲ ಕರೀ ಗ್ರೀಸು ಎರಚಿತ್ತು. ರಬ್ಬರ್ ಬೂಟು ಅರ್ಧಕ್ಕರ್ಧ ಹರಿದು ಬಾಯಿ ಬಿಟ್ಕಂಡಿತ್ತು. ಮಣ್ಣು ಮರಳು ಒಳಗೆ ಸೇರಿ ಜಾಯಿಂಟಿನ ಗುಂಡುಗಳು ಸವೆದು ಹೋಗಿವೆ, ಅದಕ್ಕೇ ಕಟಕಟ ಅಂದ. ಹೊಡೆತ ಬಿದ್ದೈತಾ ಅಂತ ಅರುಣ ಕೇಳಿದ. ಇಲ್ಲ, ಗುದ್ದಿರೋ ಗುರುತೇ ಇಲ್ಲ ಅಂದ ಸಮ್ಯಕ್. ಆಮೇಲೆ ಟಾರ್ಚು ಬಿಟ್ಟು, ಓ, ಇದು ನೋಡಿ ಅಂತ ಸ್ಕ್ರೂಡ್ರೈವರ್ ಹಾಕಿ ಏನನ್ನೋ ಮೀಟಿದ. ಬರ್ಲಿಲ್ಲ. ಚಾಕು ತಂದು ಕೊಯ್ದ. ಬಳೆಯಷ್ಟಗಲದ ಒಂದು ಸುರುಳಿ ಕೆಳಗೆ ಬಿತ್ತು. ಒಣಗಿದ ಬಳ್ಳಿ, ಗ್ರೀಸಲ್ಲಿ ನೆಂದು, ಹಗ್ಗ ಹೊಸೆದಂಗೆ ಬಿಗಿಯಾಗಿ ಸುತ್ಕಂಡಿತ್ತು.

"ಕಾಳು ಬಿಡಿಸೋಕೆ ರೋಡಲ್ಲಿ ಒಕ್ಕಣೆ ಹಾಕಿರ್ತಾರಲ್ಲ, ಅದು. ಬಳ್ಳಿ ಎಕ್ಸೆಲ್ಲಿಗೆ ಸುತ್ಕೊಂಡು ಬೂಟನ್ನ ಕುಯ್ದುಬಿಟ್ಟಿದೆ. ಆದ್ರೆ ಒಂದ್ಸಲ ಮೇಲೆ ಹಾದು ಹೋದ್ರೆ ಇಷ್ಟೊಂದು ಸುತ್ಕೊಳ್ಳಲ್ಲ. ಅದರ ಮೇಲೇ ಹಿಂದೆ ಮುಂದೆ ಮಾಡಿ ತಿರುಗಿಸಿದಾರೆ, ಅದೂ ಸುಮಾರು ದಿನ" ಅಂದ.

ಅರುಣ ಹಲ್ಲು ಕಚ್ಕಂಡ. ಯಾರ ಒಕ್ಕಣೆ ಮೇಲೆ ಹೋಗಿ ಕಾರು ತಿರುಗಿಸ್ಕಂಡು ಕುಂತಿದ್ಲು ಇವ್ಳು, ಕೇಳಿದ್ರೆ ಬಾಯಿ ಬಿಡಲ್ಲ, ಬಾಯಿ ಬಿಡಲ್ಲ ಅಂದ್ರೆ ಏನೋ ಐತೆ ಅಂದ. ಅದು ನನ್ನ ಮಾತು. ನಾನೇ ಅವನಿಗೆ ಹೇಳ್ಕೊಟ್ಟಿದ್ದು. ಅಷ್ಟೊತ್ತಿಗೆ ಅವನಿಗೆ ಡೇರಿಯಿಂದ ಫೋನು ಬಂತು, ಆ ಕಡೆ ಹೋದ.

ನಾನು ಬಗ್ಗಿ ಆ ಸುರುಳಿ ಎತ್ಕಂಡೆ. ಬಳ್ಳಿ ನಡುವೆ ಎರಡು ಮೂರು ಕಾಯಿ ಹಂಗೇ ಉಳ್ಕಂಡಿದ್ವು. ಒಂದನ್ನ ಉಗುರಲ್ಲಿ ಬಿಡಿಸಿದೆ. ಹುರುಳಿ. ಗ್ರೀಸು ಹತ್ತಿ ಕಪ್ಪಾಗೈತೆ ಅಂದ್ಕಂಡು ಸೆರಗಲ್ಲಿ ಒರೆಸಿದೆ. ಒರೆಸಿದ್ರೂ ಕಪ್ಪೇ ಇತ್ತು.

ನಮ್ಮ ಕಡೆ ಎಲ್ರೂ ಬೆಳೆಯೋದು ಕೆಂಪು ಹುರುಳಿ. ಕಪ್ಪು ಹುರುಳಿ ನಮ್ಮೂರಲ್ಲಿ ಇರೋದು ನನ್ನೊಬ್ಬಳ ಹತ್ರ. ನನ್ನ ಮದುವೇಲಿ ನಮ್ಮವ್ವ ಮಡಿಲಿಗೆ ಹಾಕಿದ ಬೀಜ, ನಲವತ್ತು ವರ್ಷದಿಂದ ಬಿಡದಂಗೆ ಬೆಳ್ಕಂಡು ಬಂದಿದೀನಿ.

ಒಂದು ವಿಷ್ಯ ನಾನು ಇಲ್ಲೀವರೆಗೂ ಹೇಳಿಲ್ಲ. ಮುಚ್ಚಿಟ್ಟೆ ಅಂತ ಅಲ್ಲ, ಅದಕ್ಕೂ ಇದಕ್ಕೂ ಸಂಬಂಧ ಐತೆ ಅಂತ ನನಗೆ ಹೊಳ್ದೇ ಇರ್ಲಿಲ್ಲ. ಜನವರೀಲಿ ಹುರುಳಿ ಕಿತ್ತು ಒಣಗಿಸಿದ ಮೇಲೆ, ನಮ್ಮನೆ ಮುಂದಿನ ರೋಡಿನ ತಿರುವಿಗೆ ಹರಡಿದ್ದೆ. ಕಣದಾಗೆ ಬಡಿಯಾಕೆ ಆಳು ಸಿಗಲ್ಲ, ರೋಡಿಗೆ ಹಾಕಿದ್ರೆ ಹೋಗೋ ಬರೋ ಗಾಡಿಯೇ ತುಳಿದು ಕಾಳು ಬಿಡಿಸ್ತದೆ, ಎಲ್ರೂ ಮಾಡೋದೇ. ಆದ್ರೆ ಹೋದ ವರ್ಷ ನಮ್ಮ ಬೀದಿ ಪುಟ್ಟಸ್ವಾಮಿ ನಾನು ಹಾಕಿದ್ದ ಸೊಪ್ಪಿನ ಮೇಲೆ ಬೈಕು ಜಾರಿ ಬಿದ್ದು ಕೈ ಮುರ್ಕಂಡಿದ್ದ. ಆವತ್ತು ಅರುಣ, ಇನ್ನೊಂದ್ಸಲ ರೋಡಿಗೆ ಹಾಕಿದ್ರೆ ಆ ಹುರುಳಿ ಹೊಲ ಉತ್ತು ಶುಂಠಿ ಹಾಕ್ತೀನಿ ಅಂದಿದ್ದ. ಅದಕ್ಕೇ ಈ ವರ್ಷ ಅವನು ಐದೂವರೆಗೆ ಡೇರಿಗೆ ಹೋದ ಮೇಲೆ ಹಾಕೋದು, ಒಂಬತ್ತಕ್ಕೆ ಬರೋದ್ರೊಳಗೆ ಎತ್ತೋದು. ನಮ್ಮ ರೋಡಲ್ಲಿ ಆ ಹೊತ್ತಿಗೆ ಗಾಡಿ ಎಲ್ಲಿ ಬತ್ತವೆ? ಇದ್ದಿದ್ದು ಒಂದೇ ಕಾರು. ಹೇಮಾ, ಅದರ ಮೇಲೆ ಹಿಂದೆ ಮುಂದೆ ನಾಲ್ಕು ಸಲ ಓಡ್ಸಿ, ತಿರುಗಿಸಿ ಹೋಗವ್ವ ಅಂತ ದಿನಾ ಹೇಳ್ತಿದ್ದೆ. ಹತ್ತು ದಿವಸ ಓಡ್ಸಿದ್ಲು. ನಾನು ರೋಡಿನ ಮಧ್ಯ ನಿಂತ್ಕಂಡು, ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ ಅಂತ ಕೈ ಆಡಿಸ್ತಿದ್ದೆ. ನಾಕನೇ ದಿವಸವೋ ಐದನೇ ದಿವಸವೋ, ಕೆಳಗೆ ಏನೋ ಸುತ್ಕೊಂಡ ಹಾಗಿದೆ ಅತ್ತೆ ಅಂದಿದ್ಲು. ಬಸ್ಸು ಲಾರಿ ಹೋಗ್ತವೆ, ಅವಕ್ಕೇನೂ ಆಗಲ್ಲ, ನಿನ್ನ ಕಾರಿಗೆ ಆಗ್ಬಿಡ್ತದಾ ಅಂತ ಬಾಯಿ ಮುಚ್ಚಿಸಿದ್ದೆ.

ಇನ್ನೊಂದು ಮಾತೂ ಹೇಳಿದ್ದೆ. ಅರುಣನಿಗೆ ಹೇಳ್ಬೇಡ, ನನ್ನಾಣೆ ಅಂತ.

ಅವಳು ಪಡಸಾಲೇಲಿ ನನ್ನ ಮುಖ ಯಾಕೆ ನೋಡಿದ್ಲು ಅಂತ ನನಗೆ ಆಗ ಗೊತ್ತಾಯ್ತು. ಮಾಲೇಕಲ್ಲಲ್ಲಿ ಯಾಕೆ ಬಾಯಿ ಮುಚ್ಕಂಡ್ಲು ಅಂತ್ಲೂ ಗೊತ್ತಾಯ್ತು. ಫೋನು ಮುಗಿಸಿ ಅರುಣ ವಾಪಸ್ ಬಂದ. ಹೇಳ್ಬಿಡಬೇಕಿತ್ತು. ನಾಲಿಗೆ ತುದೀ ತನಕ ಬಂತು. ಆ ಮೆಕ್ಯಾನಿಕ್ ಮುಂದೆ, ಎಡ ಯಾವುದು ಬಲ ಯಾವುದು ಅಂತ ಅವನಿಗೇ ಪಾಠ ಹೇಳಿದ ನಾನು, ನನ್ನ ಮಗನ ಮುಂದೆ ಸುಳ್ಳುಗಾತಿ ಆಗೋದಾ? ಶುಂಠಿ ಅಂತ ಬೇರೆ ಅಂದವನೆ. ಕಾಳನ್ನ ಮುಷ್ಟೀಲಿ ಹಿಡ್ಕಂಡು ಸುಮ್ಕಿದ್ದೆ.

ಸಮ್ಯಕ್ ಅಂಗಡಿಗೆ ಹೋಗಿ ಹೊಸ ಜಾಯಿಂಟು, ಹೊಸ ಬೂಟು ತಂದು ಹಾಕಿದ. ಗ್ರೀಸು ತುಂಬಿದ, ಕ್ಲಿಪ್ಪು ಬಿಗಿದ. ಹಳೇದನ್ನ ನನ್ನ ಮುಂದೆ ತಂದಿಟ್ಟು, ನೋಡ್ಕೊಳ್ಳಿ ಅಮ್ಮ, ಬೇರೆ ಏನೂ ಮುಟ್ಟಿಲ್ಲ ಅಂದ. ನಾನು ಕಾಳಿದ್ದ ಕೈಯನ್ನ ಸೆರಗಿನೊಳಗೆ ಇಟ್ಕಂಡೆ. ಅವನು ಕಾರು ಖಾಲಿ ಜಾಗಕ್ಕೆ ತಗಂಡು ಹೋಗಿ ಎಡಕ್ಕೆ ನಾಲ್ಕು ಸುತ್ತು ಹಾಕಿದ, ಸದ್ದು ಹೋಗಿತ್ತು. ಮನೇವರೆಗೂ ಅರುಣ ಒಂದೇ ಸಮ ಮಾತಾಡ್ತಾ ಬಂದ. ಭಾನುವಾರ ಮಾರಿಬಿಡ್ತೀನಿ, ಇವಳು ಮನೇಲಿ ಇರ್ಲಿ, ನಂಬಿಕೆ ಇಲ್ಲದ ಮೇಲೆ ಕೀ ಯಾಕೆ ಕೊಡ್ಬೇಕು ಅಂತ. ನಾನು ಕಿಟಕಿ ಕಡೆ ಮುಖ ಮಾಡಿ ತೆಂಗಿನ ಮರ ನೋಡ್ತಾ ಕುಂತಿದ್ದೆ. ಮಧ್ಯಾಹ್ನ ಊಟ ಸೇರ್ಲಿಲ್ಲ. ಯಜಮಾನ್ರು ಏನಾಯ್ತೇ ಅಂತ ಕೇಳಿದ್ರು, ಬಿಸಿಲಿಗೆ ತಲೆನೋವು ಅಂದೆ. ಅದೂ ಸುಳ್ಳು.

ಏಳೂವರೆ ಬಸ್ಸಿಗೆ ಹೇಮಾಶ್ರೀ ಬಂದ್ಲು. ಚಪ್ಪಲಿ ಬಿಚ್ಚಿ ಜಗಲಿ ಮೇಲೆ ಕುಂತು ಕಾಲು ಒತ್ಕಂತಿದ್ಲು. ಅರುಣ ಡೇರಿಯಿಂದ ಆಗಷ್ಟೇ ಬಂದಿದ್ದ. ಅವಳಿಗೆ ನೀರು ಕುಡಿಯಾಕೂ ಬಿಡದಂಗೆ ಶುರು ಮಾಡಿದ. ಗ್ಯಾರೇಜಿನೋನು ಎಲ್ಲಾ ತೋರ್ಸಿದ, ಒಕ್ಕಣೆ ಮೇಲೆ ದಿನಗಟ್ಲೆ ತಿರುಗಿಸಿದ್ದೀಯ, ಎಲ್ಲಿ, ಯಾರ್ದು, ಇವತ್ತು ಹೇಳ್ಲೇಬೇಕು ಅಂದ.

ಅವಳು ಮತ್ತೆ ನನ್ನ ಕಡೆ ನೋಡಿದ್ಲು. ಆ ನೋಟದಲ್ಲಿ ಕೋಪ ಇರ್ಲಿಲ್ಲ, ಬೇಡ್ಕಳ್ಳೋದೂ ಇರ್ಲಿಲ್ಲ. ಇವತ್ತಾದ್ರೂ ಏನು ಮಾಡ್ತಾಳೆ ನೋಡಾಣ ಅನ್ನೋ ಹಂಗೆ ಇತ್ತು.

"ನಂದು ಕಣೋ" ಅಂದೆ. "ನನ್ನ ಹುರುಳಿ. ನಾನೇ ರೋಡಿಗೆ ಹಾಕಿದ್ದು, ನಾನೇ ಅವಳ ಕೈಲಿ ಓಡಿಸಿದ್ದು. ನಿನಗೆ ಹೇಳ್ಕೂಡದು ಅಂತ ಆಣೆ ಹಾಕಿಸ್ಕಂಡಿದ್ದೂ ನಾನೇ."

ಅರುಣ ನನ್ನ ಬೈತಾನೆ ಅಂದ್ಕಂಡೆ. ಬೈದಿದ್ರೆ ಚೆನ್ನಾಗಿರ್ತಿತ್ತು. ಅವನು ನನ್ನ ನೋಡಿದ, ಅವಳ ಧೂಳು ಹಿಡಿದ ಕಾಲು ನೋಡಿದ. ಜೇಬಿಂದ ಕೀ ತೆಗೆದು ಜಗಲಿ ಮೇಲೆ ಅವಳ ಪಕ್ಕದಲ್ಲಿಟ್ಟ. ಭಾನುವಾರ ಬರೋರಿಗೆ ಬರೋದು ಬೇಡ ಅಂತ ಫೋನು ಮಾಡ್ತಾ ಆಚೆಗೆ ಹೋದ.

ನಾನು ಅವಳ ಹತ್ರ ಹೋಗಿ ಕುಂತೆ. ಸೊಸೆ ಪಕ್ಕ ಹಂಗೆ ಜಗಲಿ ಮೇಲೆ ಕುಂತು ನನಗೆ ಅಭ್ಯಾಸ ಇಲ್ಲ. ತಪ್ಪಾಯ್ತು ಕಣೇ ಅಂತ ಹೇಳಿದೆ. ನನಗೆ ಇದು ತಿಳಿದಿದ್ದು ಇವತ್ತೇ, ಆ ಗ್ಯಾರೇಜಲ್ಲೇ, ಅಲ್ಲೀವರೆಗೂ ಹುರುಳಿಗೂ ಕಾರಿಗೂ ಸಂಬಂಧ ಐತೆ ಅಂತ ನನ್ನ ತಲೆಗೆ ಹೋಗಿರ್ಲೇ ಇಲ್ಲ, ದೇವರಾಣೆಗೂ ನಿಜ ಅಂದೆ. ನಿಜ ಅದು. ನಿಮಗೂ ಹೇಳ್ತಿದೀನಿ, ನಿಜ.

ಹೇಮಾಶ್ರೀ ಕೀ ಎತ್ಕಂಡು ಕೈಯಲ್ಲಿ ಹಿಡ್ಕಂಡ್ಲು.

"ಗ್ಯಾರೇಜಿಗೆ ಎಷ್ಟು ಗಂಟೆಗೆ ಹೋಗಿದ್ರಿ ಅತ್ತೆ?"

"ಹತ್ತೂವರೆಗೆ."

"ಈಗ ಏಳೂಮುಕ್ಕಾಲು" ಅಂದ್ಲು.

ಅಷ್ಟೇ. ಜೋರು ಮಾಡ್ಲಿಲ್ಲ, ಕಣ್ಣೀರು ಹಾಕ್ಲಿಲ್ಲ. ಎದ್ದು ಒಳಗೆ ಹೋಗಿ ಮುಖ ತೊಳ್ಕಂಡು, ಮುದ್ದೆಗೆ ನೀರಿಟ್ಲು. ನಾನು ಅವಳ ಹಿಂದೆ ಹೋಗಿ, ನಂಬ್ತೀಯಾ ಇಲ್ವಾ ಹೇಳು ಅಂತ ಕೇಳಿದೆ. ನಂಬ್ತೀನಿ ಅತ್ತೆ ಅಂದ್ಲು. ನಾನು ಜೀವಮಾನವೆಲ್ಲ ಜನರ ಮುಖ ನೋಡಿ ಒಳಗೇನೈತೆ ಅಂತ ಹೇಳ್ತಿದ್ದೋಳು. ಅವಳ ಮುಖ ನೋಡಿದ್ರೆ ನನಗೆ ಒಂದೂ ತಿಳೀಲಿಲ್ಲ.

ಮಾರನೇ ಬೆಳಗ್ಗೆ ಅರುಣ ಡೇರಿಗೆ ಹೋಗಿದ್ದ. ಹೇಮಾಶ್ರೀ ಕಾರಲ್ಲಿ ಕುಂತು ಸ್ಟಾರ್ಟು ಮಾಡಿದ್ಲು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಗ್ಲಾಸು ಇಳಿಸಿ ನನ್ನ ಕರೆದ್ಲು.

"ಅತ್ತೆ, ಇವತ್ತು ರೋಡಿಗೆ ಏನಾದ್ರೂ ಹಾಕಿದೀರಾ?"

ಕುಹಕ ಇರ್ಲಿಲ್ಲ ಮಾತಲ್ಲಿ. ಅನ್ನಕ್ಕೆ ಉಪ್ಪು ಹಾಕಿದೀರಾ ಅಂತ ಕೇಳೋ ಹಂಗೇ ಕೇಳಿದ್ಲು. ಇಲ್ಲ ಕಣವ್ವ, ಏನೂ ಹಾಕಿಲ್ಲ ಅಂದೆ. ಸರಿ ಅತ್ತೆ ಅಂದ್ಲು. ಅಂದು, ಎಂಜಿನ್ ಆಫ್ ಮಾಡಿ, ಕಾರಿಂದ ಇಳಿದ್ಲು. ಸೆರಗು ಸರಿ ಮಾಡ್ಕಂಡು ತಿರುವಿನ ತನಕ ನಡ್ಕಂಡು ಹೋಗಿ, ರೋಡನ್ನ ಆ ಕಡೆ ಈ ಕಡೆ ನೋಡಿ, ವಾಪಸ್ ಬಂದ್ಲು. ಬರ್ತೀನಿ ಅತ್ತೆ ಅಂತ ನಗ್ತಲೇ ಹೇಳಿ ಹೋದ್ಲು. ಆವತ್ತು ಸ್ಪೆಷಲ್ ಕ್ಲಾಸಿಗೆ ಸರಿಯಾಗಿ ಹೋದ್ಲಂತೆ, ಕೆಲ್ಸನೂ ಉಳೀತು.

ಹುರುಳಿ ಎಲ್ಲ ಮೂಟೆ ಕಟ್ಟಿ ಅಟ್ಟ ಸೇರಿ ಎರಡು ತಿಂಗಳ ಮೇಲಾಯ್ತು. ಇನ್ನು ರೋಡಿಗೆ ಹಾಕಾಕೆ ಈ ಮನೇಲಿ ಏನೂ ಇಲ್ಲ, ಅದು ಅವಳಿಗೂ ಗೊತ್ತು. ಆವತ್ತಿಂದ ದಿನಾ ಕೇಳ್ತಾಳೆ, ಇವತ್ತು ಬೆಳಗ್ಗೇನೂ ಕೇಳಿದ್ಲು. ಏನೂ ಇಲ್ಲ ಕಣವ್ವ ಅಂದೆ. ಇಳಿದು ಹೋಗಿ ನೋಡ್ಕಂಡು ಬಂದ್ಲು.